ಕಿಟಕಿಯಾಚೆ ಕುರಿಯ ಗುಂಡಿಗೆ

ಮದುವೆಯಾಗಿ ತಾಂಡೂರಿಗೆ ಬಂದ ಮೇಲೆ ನನ್ನ ಕಾನ್ವೆಂಟಿನ ಉರ್ದು-ಇಂಗ್ಲಿಷ್ ಓದು ಅತ್ತೆಯವರ ಔಷಧಿ ಬಾಟಲಿಯ ಮೇಲಿನ ಚೀಟಿ ಓದುವುದಕ್ಕಷ್ಟೇ ಉಳಿದಿತ್ತು. ನಮ್ಮದು ಲಿಂಗವಂತ ವ್ಯಾಪಾರಸ್ಥರ ಮನೆ. ಸೊಸೆ ಹೊಸ್ತಿಲು ದಾಟುವುದು ತವರಿಗೆ ಹೋಗುವಾಗ ಮಾತ್ರ. ಅಂಥದ್ದರಲ್ಲಿ ಸರ್ಕಾರಿ ದವಾಖಾನೆಯ ಡಾಕ್ಟರಮ್ಮ ಸೂಲಗಿತ್ತಿ ಕೆಲಸ ಕಲಿಯುತ್ತಿದ್ದ ಮೂವರು ಹೆಂಗಸರನ್ನು ನನ್ನ ಬಳಿ ಕಳಿಸಿದರು. ಆಗ ಸರ್ಕಾರದ ಭಾಷೆ ಉರ್ದು, ಶರೀರದ ಪಾಠದ ಪುಸ್ತಕ ಇದ್ದದ್ದೂ ಉರ್ದುವಿನಲ್ಲಿ. ಅದನ್ನು ನಾನು ಕನ್ನಡದಲ್ಲಿ ತಿಳಿಸಬೇಕು. ಆಮೇಲೆ ಡಾಕ್ಟರಮ್ಮ ಪ್ರಶ್ನೆ ಕೇಳುತ್ತಾರೆ. ಈ ಮೂವರು ತಪ್ಪಿದರೆ ಪಾಠ ಬಂದ್. ದಿನದಲ್ಲಿ ನಾನು ಬಾಯಿ ತೆರೆದು ಮಾತಾಡುತ್ತಿದ್ದ ಹೊತ್ತು ಅದೊಂದೇ.

ಮೂವರಲ್ಲಿ ಒಬ್ಬಳು ಕುರುಬರವಳು, ನಾರಾಯಣಖೇಡದ ಕಡೆಯವಳು. ಜಠರದ ಬಗ್ಗೆ ಕೇಳಿದೆ. ಉಳಿದಿಬ್ಬರು ಉರ್ದು ಶಬ್ದ ಗಿಣಿಯಂತೆ ಒಪ್ಪಿಸಿದರು. ಇವಳು ಮಾತ್ರ, ಅದಕ್ಕೆ ನಾಲ್ಕು ಕೋಣೆ ಎಂದಳು.

"ಯಾಕ, ನೀ ಮೆಲುಕ ಹಾಕ್ತಿಯೇನ?" ಎಂದು ಪಕ್ಕದವಳು ಚುಚ್ಚಿದಳು.

ನಾನೂ ನಕ್ಕೆ. ಒಗ್ಗರಣೆ ಹಾಕುವಾಗ ಮತ್ತೆ ಅದೇ ಯೋಚನೆ. ಅವಳು ಹೇಳಿದ್ದು ಮನುಷ್ಯರ ಜಠರಕ್ಕೆ ತಪ್ಪು, ಆದರೆ ಕುರಿ ಕೊಯ್ದಾಗ ಕಣ್ಣಾರೆ ಕಂಡದ್ದು. ಶಬ್ದ ಒಪ್ಪಿಸಿದವರಿಗೆ ಜಠರ ತೋರಿಸಿ ಎಂದಾಗ ಕೈ ಹೊಕ್ಕುಳಿನ ಕೆಳಗೆ ಹೋಗಿತ್ತು. ಮುಂದಿನ ಪಾಠ ಹೃದಯದ್ದು. ಅದಕ್ಕೆ ನಿಜವಾಗಿ ನಾಲ್ಕು ಕೋಣೆ, ಕುರಿಗೂ ನಮಗೂ. ಕುರಿಯ ಗುಂಡಿಗೆ ಬಿಚ್ಚಿ ತೋರಿಸಿದರೆ ಮೂವರೂ ಮರೆಯಲಾರರು ಅನಿಸಿತು.

ಕುರಿಯ ಗುಂಡಿಗೆ ತೋರಿಸಬೇಕು, ಒಂದು ದಿನ ದವಾಖಾನೆಗೆ ಹೋಗಿ ಪಾಠ ಹೇಳಿ ಬರಲೇ ಎಂದು ಅತ್ತೆಯವರನ್ನು ಕೇಳಿದೆ. ಅವರು ಬೈಯಲಿಲ್ಲ. ಮೊರದಲ್ಲಿದ್ದ ತೊಗರಿಯಿಂದ ಕಣ್ಣೆತ್ತದೆ, "ಮಾಂಸ ಮನಿಯೊಳಗ ಬರಂಗಿಲ್ಲ, ಸೊಸಿ ಮನಿ ಹೊರಗ ಹೋಗಂಗಿಲ್ಲ. ನಡುವ ಏನರ ಮಾಡ್ಕೊ," ಎಂದರು.

ನಡುವೆ ಇದ್ದದ್ದು ಪಡಸಾಲೆಯ ಕಿಟಕಿ. ಮೂವರೂ ಗಲ್ಲಿಯಾಚೆಯ ಕಲ್ಲುಹಾಸಿನ ಮೇಲೆ ಮುತ್ತುಗದ ಎಲೆ ಹರಡಿ, ಕುರುಬರವಳು ತಂದ ಗುಂಡಿಗೆಯನ್ನು ಅದರ ಮೇಲಿಟ್ಟು ಕುಳಿತರು. ಗಲ್ಲಿ ಕಿರಿದು, ಮೆಲ್ಲಗೆ ಹೇಳಿದರೂ ಕೇಳುತ್ತಿತ್ತು. ನಾನು ಸರಳು ಹಿಡಿದು ರಕ್ತ ಹರಿಯುವ ದಾರಿ ಹೇಳುತ್ತಾ ಹೋದೆ. ಕುರುಬರವಳು ಗುಂಡಿಗೆಯ ಒಂದು ತೂತಿನೊಳಗೆ ಜೋಳದ ದಂಟಿನ ಸೀಳು ತೂರಿಸಿದಳು. ಮೂರು ತಲೆ ಒಟ್ಟಿಗೆ ಬಾಗಿದವು. ನನಗೆ ಸೆರಗುಗಳಷ್ಟೇ ಕಂಡವು. ಸೀಳು ಯಾವ ಕಡೆ ಹೊರಬಂತೋ, ಅವರವರಲ್ಲೇ ಮಾತು ಹತ್ತಿತು. ನಾನು ಹೇಳುವುದನ್ನು ನಿಲ್ಲಿಸಿದ್ದು ಅವರಿಗೆ ಗೊತ್ತಾಗಲಿಲ್ಲ.

ಡಾಕ್ಟರಮ್ಮ ಕೇಳಿದ್ದಕ್ಕೆಲ್ಲ ಮೂವರೂ ಸರಿಯಾಗಿ ಉತ್ತರ ಕೊಟ್ಟರಂತೆ. ಡಾಕ್ಟರಮ್ಮ ತಾವೇ ಮನೆಗೆ ಬಂದು ನನ್ನ ಕೈ ಹಿಡಿದು, ಮುಟ್ಟಿ ಕಲಿಯುವುದೇ ಮೇಲು ಎಂದು ನನ್ನನ್ನು ಹೊಗಳಿದರು. ಹಾಗಾಗಿ ಇನ್ನು ಪಾಠವೆಲ್ಲ ದವಾಖಾನೆಯಲ್ಲೇ, ತಾವೇ ಬಿಚ್ಚಿ ತೋರಿಸುವುದಾಗಿ ಹೇಳಿದರು. ಅತ್ತೆಯವರು ಆಗಲಿ ಎಂದು ತಲೆಯಾಡಿಸಿದರು.

ಮರುದಿನ ಕುರುಬರವಳು ಕಿಟಕಿಯ ಕೆಳಗೆ ನಿಂತಳು. "ನೀವೂ ದವಾಖಾನಿಗಿ ಬರ್ರಿ ಅಕ್ಕೋರ. ಗುಂಡಿಗಿ ಒಳಗ ನೀವ್ ಇನ್ನಾ ನೋಡೇ ಇಲ್ಲಲ್ಲ."

"ನಿನಗ ತಿಳೀತಲ್ಲ, ಆತು ಬಿಡು," ಎಂದೆ.

ಮುಂದಿನ ಪಾಠ ಶ್ವಾಸಕೋಶದ್ದು. ನಾನು ಅದನ್ನು ಆಗಲೇ ಓದಿಟ್ಟುಕೊಂಡಿದ್ದೆ.