ಚೌಕ ತಲೆಯ ನಾಲ್ಕು ಬೋಲ್ಟು

ಬಾಳೂರಿನ ತಿರುವಿನಲ್ಲಿ ವರ್ಕ್‌ಶಾಪ್ ಇಟ್ಟುಕೊಂಡಿರುವ ಸಫ್ದರ್ ಸಾಬರಿಗೆ ಯಂತ್ರಗಳನ್ನು ಬೈಯುವ ಅಭ್ಯಾಸವಿಲ್ಲ. ಜೀಪು ಕೆಟ್ಟು ನಿಂತರೆ ಬಾನೆಟ್ಟಿನ ಮೇಲೆ ಕೈಯಿಟ್ಟು, "ಏನಾಯ್ತು ಮಾರಾಯ, ಹೇಳು" ಎನ್ನುತ್ತಾರೆ. "ಕಬ್ಬಿಣದ ಹತ್ರ ಆಡೋದ್ರಲ್ಲಿ ಅರ್ಧ ಮಾತು ನನ್ನ ಹತ್ರ ಆಡಿದ್ರೆ ಸಾಕಿತ್ತು" ಎಂದು ಹೆಂಡತಿ ಜಮೀಲುನ್ನೀಸಾ ಚುಚ್ಚುವುದುಂಟು.

ಅವರು ಮೊದಲು ಮಾತಾಡಿಸಿದ ಯಂತ್ರ ಜಯದೇವಪ್ಪನವರ ತೋಟದ ಪಲ್ಪರ್. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ, ಎರಕದ ಕಬ್ಬಿಣದ, ಬಿಳಿಯರ ಕಾಲದ ಯಂತ್ರ. ಸದ್ದು ಕೇಳಿ ಕಾಯಿಲೆ ಹೇಳುವ ವಿದ್ಯೆಯನ್ನು ಅಪ್ಪ ಅವರಿಗೆ ಕಲಿಸಿದ್ದು ಅದರ ಪಕ್ಕದಲ್ಲೇ ನಿಲ್ಲಿಸಿಕೊಂಡು. ಆಗ ಸಫ್ದರ್‌ಗೆ ಮೀಸೆ ಮೂಡುತ್ತಿತ್ತು. ಈಗ ಗಡ್ಡವೆಲ್ಲ ಬೆಳ್ಳಗಾಗಿದೆ. ಪಲ್ಪರಿನ ದನಿ ಮಾತ್ರ ಬದಲಾಗಿರಲಿಲ್ಲ.

ಈ ಡಿಸೆಂಬರಿನಲ್ಲಿ, ಅರೇಬಿಕಾ ಕೊಯ್ಲು ಬಿರುಸಾಗಿದ್ದಾಗ, ಅದು ಒಮ್ಮೆ ಕೀರಲಾಗಿ ಕೂಗಿ ನಿಂತುಬಿಟ್ಟಿತು. ಅಚ್ಚು ತಿರುಗುವ ಲೋಹದ ಬಳೆ, ಬುಶ್, ಸುಟ್ಟಿತ್ತು. ಹೊಸ ಬುಶ್ ಸಫ್ದರರ ಜೇಬಿನಲ್ಲೇ ಇತ್ತು, ಅದನ್ನು ಕೂರಿಸಲು ಮುಚ್ಚಳ ತೆಗೆಯಬೇಕಿತ್ತು. ಆ ಮುಚ್ಚಳವನ್ನು ಅವರು ಕಂಡಂತೆ ಯಾರೂ ಬಿಚ್ಚಿರಲಿಲ್ಲ. ನಾಲ್ಕು ಬೋಲ್ಟು, ನಾಲ್ಕಕ್ಕೂ ಚೌಕ ತಲೆ. ಒಂದೊಂದೂ ಬೆರಳುದ್ದದ ಗುಂಡಿಯೊಳಗೆ, ಬಿಲದಲ್ಲಿ ಅವಿತ ಏಡಿಯ ಹಾಗೆ ಕೂತಿತ್ತು.

ಹಿಂದಿನ ದಿನವೇ ಸೀಮೆಎಣ್ಣೆ ಬಿಟ್ಟು ನೆನೆಸಿದ್ದಾಗಿತ್ತು. ಆದರೆ ತಲೆ ಹಿಡಿಯುವುದು ಹೇಗೆ? ಈಗಿನ ಸ್ಪ್ಯಾನರುಗಳೆಲ್ಲ ಆರು ಮೂಲೆಯ ತಲೆಗೆಂದೇ ಹುಟ್ಟಿದವು. ಬಾಯಿ ತೆರೆದ ಸ್ಪ್ಯಾನರ್ ಗುಂಡಿಗೆ ಇಳಿಯಲಿಲ್ಲ. ಸಾಕೆಟ್ ಇಳಿಯಿತು, ಜಾರಿತು, ಒಂದು ಬೋಲ್ಟಿನ ಮೂಲೆಯನ್ನೇ ತಿಂದು ಹಾಕಿತು. ಸಫ್ದರ್ ಕೆಂಡ ಮುಟ್ಟಿದವರಂತೆ ಕೈ ಹಿಂದೆಗೆದರು. ಮೂಡಿಗೆರೆಯ ಗುಜರಿ ಅಂಗಡಿಯನ್ನೆಲ್ಲ ಕೆದಕಿ ಬಂದರು. ಕೊನೆಗೆ ಚೌಕ ಪೈಪೊಂದನ್ನು ಬೆಸುಗೆ ಹಾಕಿಸಿ ತಂದು ತಿರುಗಿಸಿದರೆ ಅದರ ಬಾಯಿ ಕೆಸುವಿನೆಲೆಯಂತೆ ಅಗಲವಾಯಿತು.

ಜಯದೇವಪ್ಪ ಬಂದು ನಿಂತರು. "ಸಾಬ್ರೇ, ಇನ್ನೇನು ಹಣ್ಣು ಬಂದು ಬೀಳುತ್ತೆ. ನಾಳೆವರೆಗೆ ಇಟ್ರೆ ಹುಳಿ. ಗ್ಯಾಸ್ ಕಟರಿನವ್ನಿಗೆ ಹೇಳಿದೀನಿ, ಬೋಲ್ಟ್ ಸುಟ್ಟು ತೆಗೀಲಿ."

"ಎರಕ, ಯಜಮಾನ್ರೇ. ಬೆಂಕಿ ತಾಗಿದ್ರೆ ಸೀಳುತ್ತೆ. ಆಮೇಲೆ ಗುಜರಿಗೇ ಹಾಕ್ಬೇಕು."

"ನಂಗೇನು ಖುಷೀನಾ? ಸೀಳಿದ್ರೆ ಹೊಸದು ತರ್ಬೇಕು, ಇನ್ನೇನು ಮಾಡ್ಲಿ. ಅವ್ನು ಬರೋ ತನಕ ನಿಮ್ಗೆ ಟೈಮು."

ಸಫ್ದರ್ ಪಲ್ಪರಿನ ಬೆನ್ನಿನ ಮೇಲೆ ಕೈಯಿಟ್ಟರು.

ಅಷ್ಟರಲ್ಲಿ ಕಲ್ಲಮ್ಮ ಒಳಗೆ ಬಂದಳು. ಕಣದ ಹಲಸಿನ ಮರಕ್ಕೆ ನೇತುಹಾಕಿದ ರೈಲು ಕಂಬಿಯ ತುಂಡೇ ಆ ತೋಟದ ಗಂಟೆ. ಬೆಳಿಗ್ಗೆ ಹಾಜರಿಗೆ, ಸಂಜೆ ಕೆಲಸ ಬಿಡಲು ಅದನ್ನು ಬಾರಿಸುವವಳು ಅವಳು.

"ನನ್ನ ಚಾವಿ ತಗಂಡಿದ್ಯಾರು? ಬಾರ್ಸೋಕೆ ಹೊತ್ತಾತು."

"ಚಾವಿ ನಾವ್ಯಾಕೆ ತಗೊಳ್ಳೋಣಮ್ಮ?" ಎಂದರು ಸಫ್ದರ್.

"ನಿಮ್ಮ ಕಾಲಡೀಲೇ ಐತಲ್ಲ ಸಾಬ್ರೇ. ಕೇಳದೇ ತಗಂಡು, ಮೇಲಿಂದ ಈ ಮಾತು."

ಬೆಳಿಗ್ಗೆ ಯಂತ್ರದ ಚಕ್ರ ತಿರುಗದಿರಲೆಂದು ಸಫ್ದರ್ ಹಲಸಿನ ಬುಡದಲ್ಲಿದ್ದ ಕಬ್ಬಿಣದ ಸರಳೊಂದನ್ನು ತಂದು ಅಡ್ಡ ಕೊಟ್ಟಿದ್ದರು. ಒಂದು ತುದಿಗೆ ಅಡ್ಡ ಹಿಡಿ. ಇನ್ನೊಂದು ತುದಿಗೆ ದಪ್ಪಗೆ ಸುತ್ತಿದ ಹಳೇ ಸೀರೆಯ ಬಟ್ಟೆ.

"ಇದು ಗಂಟೆ ಬಾರಿಸೋ ಸರಳಲ್ವಾ? ಚಾವಿ ಅಂತೀರಲ್ಲ?"

"ನಂಗಿಂತ ಮುಂಚೆ ಬಾರ್ಸ್ತಿದ್ದ ನಮ್ಮತ್ತೆ ಹಂಗೇ ಅಂತಿದ್ರು. ಬೆಳಿಗ್ಗೆ ಕೆಲಸ ತೆಗಿಯೋದು, ಸಂಜೆ ಮುಚ್ಚೋದು, ಅದ್ಕೇ ಚಾವಿ ಅಂತ ನಾನ್ ಅಂದ್ಕಂಡಿದೀನಿ."

ಸಫ್ದರ್ ತಟ್ಟನೆ ಬಾಗಿದರು. ಉದ್ದ ಹಿಡಿಯ ಸ್ಪ್ಯಾನರನ್ನು ಅಪ್ಪ ಎಂದೂ ಸ್ಪ್ಯಾನರ್ ಎಂದವರಲ್ಲ. ಚಾವಿ ಎನ್ನುತ್ತಿದ್ದರು.

"ಈ ಬಟ್ಟೆ ಬಿಚ್ಚಲಾ ಕಲ್ಲಮ್ಮ?"

"ಬಿಚ್ಚಿ. ಆದ್ರೆ ಇದ್ದಂಗೇ ಸುತ್ತಿ ಕೊಡ್ಬೇಕು. ಚಳೀಲಿ ಕೈ ಕೊರೀತೈತೆ."

ಸುತ್ತು ಸುತ್ತಾಗಿ ಬಟ್ಟೆ ಬಿಚ್ಚಿಕೊಂಡಿತು: ಹಸಿರು, ಅದರ ಕೆಳಗೆ ಕೆಂಪು, ಅದರ ಕೆಳಗೆ ಬಣ್ಣವೇ ಹೋದ ಇನ್ನೊಂದು. ಕೊನೆಗೆ ಕಂಡಿದ್ದು ಸರಳಿನ ಬಾಯಿ. ಒಳಗೆ ನಾಲ್ಕು ಮೂಲೆಯ ತೂತು: ಪಲ್ಪರಿನ ಜೊತೆಗೇ ಬಂದ ಚಾವಿ. ಇಷ್ಟು ಸೀರೆಗಳ ಮರೆಯಲ್ಲಿ ತುಕ್ಕು ಕೂಡ ಹತ್ತಿರ ಸುಳಿದಿರಲಿಲ್ಲ.

ಚಕ್ರಕ್ಕೆ ಕಲ್ಲು ಕೊಟ್ಟು, ಸಫ್ದರ್ ಚಾವಿಯನ್ನು ಗುಂಡಿಗೆ ಇಳಿಸಿದರು. ಅದು ತಡವರಿಸಲಿಲ್ಲ. ಮನೆಗೆ ಬಂದವರು ಚಪ್ಪಲಿ ಬಿಡುವಷ್ಟು ಸಲೀಸಾಗಿ ಹೋಗಿ ಕೂತಿತು. ಅಡ್ಡ ಹಿಡಿಗೆ ಎರಡೂ ಕೈ ಕೊಟ್ಟು, ಉಸಿರು ಕಟ್ಟಿ, ಮೈಭಾರವನ್ನೆಲ್ಲ ಹಾಕಿದರು. ಏನೂ ಆಗಲಿಲ್ಲ. "ಬಾ ಮಾರಾಯ," ಎಂದರು ಮೆಲ್ಲಗೆ. "ನಾನು, ಸಫ್ದರು." ಒಳಗೆಲ್ಲೋ ಟಕ್ ಎಂದಿತು. ಬೋಲ್ಟು ತಿರುಗಿತು. ಎರಡನೆಯದೂ ಮೂರನೆಯದೂ ಹಿಂದೆಯೇ ಬಂದವು. ಮೂಲೆ ಕಳೆದುಕೊಂಡಿದ್ದ ನಾಲ್ಕನೆಯದನ್ನು ಚಾವಿ ಉಳಿದ ಮೂರು ಮೂಲೆಗಳಲ್ಲೇ ಹಿಡಿದು ಎತ್ತಿತು.

ಹೊಸ ಬುಶ್ ಕೂತು, ಬೆಲ್ಟು ಏರಿ, ಪಲ್ಪರ್ ತನ್ನ ಹಳೆಯ ದನಿಯಲ್ಲಿ ಗುನುಗತೊಡಗಿತು. ಕೆಂಪು ಹಣ್ಣು ಸುರಿಯಿತು, ನುಣ್ಣನೆಯ ಬೀಜ ಜಾರಿಬಂತು. ಜಯದೇವಪ್ಪ ಒಂದು ಹಿಡಿ ತೆಗೆದು ನೋಡಿದರು. "ಒಂದೂ ಒಡೆದಿಲ್ಲ" ಎಂದು ಮತ್ತೆ ಮತ್ತೆ ಹೇಳಿಕೊಂಡರು. ಅಷ್ಟು ಹೊತ್ತಿಗೆ ಗ್ಯಾಸ್ ಕಟರಿನವನ ಜೀಪು ಏದುಸಿರು ಬಿಡುತ್ತ ದಿಬ್ಬ ಹತ್ತಿ ಬಂತು. "ಟೀ ಕುಡ್ಕೊಂಡು ಹೋಗಪ್ಪ" ಎಂದರು ಸಫ್ದರ್, ಗಡ್ಡದೊಳಗೇ ನಗುತ್ತ.

"ಚಾವೀನ ಇನ್ಮೇಲೆ ಆಫೀಸಲ್ಲಿ ಬೀಗ ಹಾಕಿ ಇಡೋಣ" ಎಂದರು ಜಯದೇವಪ್ಪ.

"ಆಫೀಸಲ್ಲಿಟ್ರೆ ಕಳೀತೈತೆ," ಎಂದಳು ಕಲ್ಲಮ್ಮ. ಜಯದೇವಪ್ಪ ನಕ್ಕು ತಲೆಯಾಡಿಸಿದರು.

ಸಫ್ದರ್ ಚಾವಿಯ ಬಾಯಿಗೆ ಗ್ರೀಸ್ ತುಂಬಿ, ಬಣ್ಣ ಹೋದದ್ದು, ಕೆಂಪು, ಹಸಿರು, ಇದ್ದ ಕ್ರಮದಲ್ಲೇ ಸುತ್ತಿ ಗಂಟು ಹಾಕಿ ಕಲ್ಲಮ್ಮನಿಗೆ ಕೊಟ್ಟರು. ಹೊರಗೆ ಚೀಲ ಇಳಿಸಿ ಕೂತಿದ್ದ ಹೆಣ್ಣಾಳುಗಳು ಗೊಣಗುತ್ತಿದ್ದರು. "ಏನ್ ಕಲ್ಲಮ್ಮಕ್ಕ, ಇವತ್ತು ಸಂಜೇನೇ ಆಗಲ್ವಾ ನಮ್ಗೆ?"

ಕಲ್ಲಮ್ಮ ಚಾವಿಯನ್ನು ಮರಳಿ ಸಫ್ದರರ ಕೈಗೇ ಕೊಟ್ಟಳು. "ತಡ ಮಾಡಿದ್ದು ನೀವು. ನೀವೇ ಬಾರ್ಸಿ."

ಕಬ್ಬಿಣವನ್ನು ಎಂದೂ ಜೋರಾಗಿ ಹೊಡೆಯದ ಮನುಷ್ಯ ಅವತ್ತು ತೋಳೆತ್ತಿ ಬೀಸಿ ಹೊಡೆದರು. ಹೆಂಗಸರು ನಗುತ್ತ ಸೆರಗು ಕೊಡವಿ ಎದ್ದರು. ಕಂಬಿಯ ಸದ್ದು ಕಾಫಿ ಗಿಡಗಳ ಮೇಲೆ ತೇಲಿ ಆಚೆ ಗುಡ್ಡ ಮುಟ್ಟಿ ಬಂತು. ಅದು ಅಡಗಿದ ಮೇಲೂ ಪಲ್ಪರ್ ಒಳಗೆ ಗುನುಗುತ್ತಲೇ ಇತ್ತು.