ಬೂಷ್ಟಿನ ಪುಡಿ, ಅಮ್ಮನ ಮೆಣಸು

ಅಮ್ಮ ಹೋದ ಮೇಲೆ ಅಘನಾಶಿನಿಯ ತವರಿನಿಂದ ನಾನು ತಂದದ್ದು ಒಂದು ಹಿಡಿ ಮೆಣಸಿನ ಬೀಜ ಮಾತ್ರ. ಗಿಡ್ಡ, ದಪ್ಪ ಮೆಣಸು; ಅರೆದು ಹಾಕಿದರೆ ಮೀನುಸಾರಿಗೆ ಬೇರೆಯದೇ ಬಣ್ಣ. ಅಣ್ಣನ ಮನೆಯಲ್ಲಿ ಈಗ ಅಂಗಡಿಯ ಪುಡಿ. ಈ ಬೀಜ ಕೆಟ್ಟರೆ ಅಮ್ಮನ ಮೆಣಸು ಅಲ್ಲಿಗೆ ಮುಗಿಯಿತು ಎಂಬ ಹೆದರಿಕೆ ನನಗೆ.

ಗಂಡನ ಊರು ಬಾಡದಲ್ಲಿ ನಮ್ಮ ಗದ್ದೆ ವರ್ಷಗಟ್ಟಲೆ ಯೂರಿಯಾ ತಿಂದದ್ದು. ಭತ್ತ ಕೊಯ್ದ ಮೇಲೆ ಅಲ್ಲೇ ಮೆಣಸು ನೆಡಬೇಕು. ಕುಮಟೆಯ ತರಬೇತಿಯೊಂದರಲ್ಲಿ, ಬೇರಿಗೆ ಅಂಟಿಕೊಂಡು ಬದುಕುವ ಒಳ್ಳೆಯ ಶಿಲೀಂಧ್ರದ ಬಗ್ಗೆ ಕೇಳಿದ್ದೆ. ಬೇರಿಗೆ ಎಟುಕದ ಕಡೆಯಿಂದ ಅದು ಸಾರ ಎಳೆದು ಕೊಡುತ್ತದಂತೆ; ಯೂರಿಯಾ ಹೆಚ್ಚಾದರೆ ಸೊರಗುತ್ತದಂತೆ. ಅದರ ಪುಡಿಯ ಪೊಟ್ಟಣ ತಂದು ಅಡುಗೆಮನೆಯಲ್ಲಿಟ್ಟೆ. ಇದ್ದ ಬೀಜವನ್ನೆಲ್ಲ ಬಿತ್ತಿ ಎಬ್ಬಿಸಿದ ಸಸಿ ನೆಡುವ ದಿನ ಗುಂಡಿಗೊಂದು ಚಮಚ ಹಾಕಿದೆ.

ಸಸಿ ಮೇಲೇಳಲಿಲ್ಲ. ಎಲೆಗಳೆಲ್ಲ ಹಳದಿ. "ಎಂತ ನೋಡ್ತಾ ಕೂತಿದ್ದಿ? ಸಾಯ್ತದೆ ಅದು" ಎಂದು ನನ್ನ ಗಂಡ, ನಾನು ಬೇಡವೆಂದರೂ ಕೇಳದೆ, ಯೂರಿಯಾ ಎರಚಿದರು. ಸಾಲದೆಂದು ಮತ್ತೊಮ್ಮೆ ಎರಚಿದರು. ಗಿಡ ಕಡುಹಸಿರಾಗಿ ಸೊಂಟದವರೆಗೆ ಬಂತು. ದಾರಿಯಲ್ಲಿ ಹೋಗುವವರು ನಿಂತು ಹೊಗಳಿದರು. ನನಗೆ ಮೈ ಉರಿಯಿತು. ಎಲೆ ಅರೆದು ಸಾರು ಮಾಡಲೇ? ಬಂದ ನಾಲ್ಕು ಹೂವೂ ಉದುರಿಹೋಯಿತು.

ಬದನೆಗೆಂದು ಇನ್ನೊಂದು ಪೊಟ್ಟಣ ತಂದಿದ್ದೆ. ಒಂದು ಮಧ್ಯಾಹ್ನ ನೋಡಿದರೆ ಅತ್ತೆ ಅದನ್ನು ಅಂಗಳದಲ್ಲಿ ಒಣ ಸಿಗಡಿಯ ಪಕ್ಕ ಚಾಪೆಯ ಮೇಲೆ ಹರಡುತ್ತಿದ್ದಾರೆ.

"ಎಂತ ಮಾಡ್ತಿದ್ರಿ ಅತ್ತೆ?"

"ಬೂಷ್ಟಿನ ವಾಸನೆ ಬತ್ತದೆ ಮಾರಾಯ್ತಿ. ಹೋದ ಸಲದ್ದೂ ನಾನೇ ಬಿಸಿಲಿಗೆ ಹಾಕಿ ಕಟ್ಟಿಟ್ಟಿದ್ದೆ."

ಆ ಸುಡುವ ಅಂಗಳದಲ್ಲಿ ಒಣಗಿ ಸತ್ತ ಪುಡಿಯನ್ನೇ ನಾನು ಭಕ್ತಿಯಿಂದ ಗುಂಡಿಗೆ ಹಾಕಿದ್ದೆನಲ್ಲ.

"ಅದು ಜೀವ ಇರೋ ಬೂಷ್ಟು ಅತ್ತೆ. ಅಮ್ಮನ ಮೆಣಸಿನ ಜೀವ ತೆಗೆದ್ರಿ ನೀವು."

ಅವರ ಕೈ ಚಾಪೆಯ ಮೇಲೇ ನಿಂತಿತು. "ಒಣಗಿಸದೆ ಇಟ್ಟದ್ದು ನಮ್ಮಲ್ಲಿ ಎಂತ ಉಳಿದದೆ ಹೇಳು" ಎಂದರು ಮೆಲ್ಲಗೆ. ಮಳೆಗಾಲದಲ್ಲಿ ಹಪ್ಪಳ, ಚಪ್ಪಲಿ, ಮದುವೆಯ ಸೀರೆ, ಎಲ್ಲಕ್ಕೂ ಬೂಷ್ಟು ಹಿಡಿಯುವ ಊರು ನಮ್ಮದು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೂ ನನ್ನ ಸಿಟ್ಟು ಇಳಿಯಲಿಲ್ಲ. ಎಷ್ಟೋ ದಿನ ಅವರೊಡನೆ ಅಗತ್ಯವಿದ್ದಷ್ಟೇ ಮಾತು.

ಬದುವಿನಂಚಿನ ಒಂದು ಸಣಕಲು ಗಿಡಕ್ಕೆ ಯೂರಿಯಾ ಬಿದ್ದಿರಲಿಲ್ಲ. ಅದೊಂದರಲ್ಲೇ ಬೆರಳೆಣಿಕೆಯ ಕಾಯಿ ಹಿಡಿಯಿತು. ಯಾರೂ ಮುಟ್ಟದಂತೆ ಕಾದು ಹಣ್ಣಾಗಿಸಿ, ಒಣಗಿಸಿ, ಬೀಜ ಬಿಡಿಸಿದೆ. ಅಂಗೈಯ ಗುಳಿಯೂ ತುಂಬಲಿಲ್ಲ. ಅರ್ಧದಷ್ಟು ಜೊಳ್ಳು.

ಮಳೆ ಹತ್ತಿರವಾದಾಗ ಅದನ್ನು ಕಪಾಟಿನಲ್ಲಿಟ್ಟೆ, ಅಕ್ಕಿ ಡಬ್ಬಿಯಲ್ಲಿಟ್ಟೆ. ಎಲ್ಲಿಟ್ಟರೂ ಧೈರ್ಯ ಬರಲಿಲ್ಲ. ಕೊನೆಗೆ ಬೀಜ ಹಿಡಿದು ಅತ್ತೆಯ ಮುಂದೆ ಹೋಗಿ ನಿಂತೆ.

"ನನ್ನ ಕೈಗೆ ಕೊಡ್ತ್ಯಾ?" ಎಂದರು.

"ಬೂಷ್ಟು ಹಿಡಿಯದ ಹಾಗೆ ಇಡೂದು ನಿಮಗೇ ಗೊತ್ತು."

"ಆತು" ಎಂದು ಬೂದಿ ಬೆರೆಸಿ, ಬಟ್ಟೆಯಲ್ಲಿ ಕಟ್ಟಿ, ಒಲೆಯ ಮೇಲೆ ನೇತುಹಾಕಿದರು.

ಹೊರಗೆ ಮಳೆ ಬಿಟ್ಟಿಲ್ಲ. ಅತ್ತೆ ದಿನಾ ಆ ಗಂಟು ಇಳಿಸಿ ಮೂಸಿ ನೋಡುತ್ತಾರೆ. ನಾನು ಅವರ ಮುಖ ನೋಡುತ್ತೇನೆ.