ಗಾಜಿನ ತೊಟ್ಟಿಯಲ್ಲಿ ಬಾಗೂರಿನ ಮಣ್ಣು

ಮೊನ್ನೆ ಭಾನುವಾರ ಬೆಳಿಗ್ಗೆ ಮೀನಿನ ತೊಟ್ಟಿಯ ಮುಚ್ಚಳ ತೆಗೆದಾಗ ಮಣ್ಣಿನ ವಾಸನೆ ಬಂತು. ಕೊಳೆತ ವಾಸನೆಯಲ್ಲ, ಬಿತ್ತನೆಗೆ ಮುಂಚೆ ಮಳೆ ಬಿದ್ದ ಹೊಲದಿಂದ ಬರುತ್ತದಲ್ಲ, ಅದು. ಚಿತ್ರದುರ್ಗದ ಈ ಬಾಡಿಗೆ ಮನೆಯಲ್ಲಿ ತೊಟ್ಟಿ ಇಟ್ಟು ಕೆಲವು ತಿಂಗಳಾಗಿತ್ತು. ಅಷ್ಟು ದಿನ ನೀರಿಗೆ ಯಾವ ವಾಸನೆಯೂ ಇರಲಿಲ್ಲ. ಮುಚ್ಚಳವನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತೆ... ಚಿಕ್ಕಂದಿನಲ್ಲಿ ಪಕ್ಕದ ಮನೆಯಲ್ಲಿದ್ದ ಅಕ್ಕ ನೆನಪಾದರು.

ಆಗ ನಾವು ಹಿರಿಯೂರಿನಲ್ಲಿದ್ದೆವು, ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ಅಕ್ಕ ಬಾಗೂರಿನಿಂದ ಮದುವೆಯಾಗಿ ಬಂದವರು. ಅವರ ಯಜಮಾನರು ಬಬ್ಬೂರಿನ ಸರ್ಕಾರಿ ಕೃಷಿ ಫಾರ್ಮಿಗೆ ಕೆಲಸಕ್ಕೆ ಹೋಗುತ್ತಿದ್ದರು. ಮನೆಯಲ್ಲಿ ನಡೆಯುತ್ತಿದ್ದದ್ದು ಅತ್ತೆಯ ಮಾತು. ಏನು ಅಡುಗೆ, ಎಷ್ಟು ಹಾಲು, ಕಿಟಕಿ ಯಾವಾಗ ತೆಗೆಯಬೇಕು, ಎಲ್ಲ. ಅಕ್ಕನದು ಅಂತ ಇದ್ದದ್ದು ನಡುಮನೆಯ ಮೂಲೆಯ ಗಾಜಿನ ತೊಟ್ಟಿಯೊಂದೇ.

ಅದರ ತಳಕ್ಕೆ ಅವರು ತವರಿನ ಹೊಲದ ಮಣ್ಣು ಹಾಕಿದ್ದರು. ಚೀಲದಲ್ಲಿ ಕಟ್ಟಿ ಬಸ್ಸಿನಲ್ಲಿ ತಂದು, ಜರಡಿ ಹಿಡಿದು, ಮೇಲೆ ತೊಳೆದ ಮರಳು ಹರಡಿ, ನೀರೊಳಗೆ ಬೆಳೆಯುವ ಗಿಡ ನೆಟ್ಟಿದ್ದರು. ನಮ್ಮ ಬೋರಿನ ನೀರು ಗಡಸು, ಎಲೆಗಳ ಮೇಲೆ ಬಿಳಿ ಪೊರೆ ಕಟ್ಟುತ್ತಿತ್ತು. ಅದಕ್ಕೆ ತಾರಸಿಯ ಮಳೆನೀರು ಹಿಡಿದಿಟ್ಟು ಬೆರೆಸುತ್ತಿದ್ದರು. ಆದರೂ ಎಷ್ಟೋ ಗಿಡ ಸತ್ತವು. ಉಳಿದವುಗಳಲ್ಲಿ ಅಕ್ಕನ ಜೀವವೆಲ್ಲ ಒಂದರ ಮೇಲಿತ್ತು. ಅಲೆಅಲೆಯಾದ ಅಂಚು, ಕಂದು ಬೆರೆತ ಹಸಿರು. ಒಂದು ಎಲೆ ಬಿಡಲು ತಿಂಗಳು ತೆಗೆದುಕೊಳ್ಳುತ್ತಿತ್ತು. ಇದ್ದ ಕೆಲವೇ ಗಪ್ಪಿ ಮೀನುಗಳು ಅದರ ಹಿಂದೆ ಸೇರಿಕೊಂಡರೆ ಕಾಣುತ್ತಲೇ ಇರಲಿಲ್ಲ.

"ಮೀನು ಸಾಕ್ತಾಳೋ, ಸೊಪ್ಪು ಬೆಳೀತಾಳೋ! ಸಾರಿಗಾದ್ರೂ ಆಗ್ತೈತೇನವ್ವ ಇದು?" ಅನ್ನುತ್ತಿದ್ದರು ಅತ್ತೆ.

ಅಕ್ಕ ನಕ್ಕುಬಿಡುತ್ತಿದ್ದರು. ಸಂಜೆ ನಾನು ಹೋದಾಗ ನೀರಿಗೆ ಬೆರಳದ್ದಿ ಮೂಸಿ, ಆಮೇಲೆ ಬೆರಳನ್ನು ನನ್ನ ಮೂಗಿನ ಹತ್ತಿರ ತರುತ್ತಿದ್ದರು. "ನೋಡೇ, ನಮ್ಮ ಹೊಲ ಹಿಂಗೇ ಇರ್ತೈತೆ. ಈ ವಾಸನೆ ಐತೆ ಅಂದ್ರೆ ಗಿಡ ಚೆನ್ನಾಗವೆ ಅಂತ."

ಒಂದು ಯುಗಾದಿಗೆ ಮುಂಚೆ, ತಾಯಿಗೆ ಹುಷಾರಿಲ್ಲವೆಂದು ಅಕ್ಕ ತವರಿಗೆ ಹೋದರು. ಇಲ್ಲಿ ಅತ್ತೆ ಹಬ್ಬಕ್ಕೆ ಮನೆ ತೊಳೆಯಲು ಶುರು ಮಾಡಿದರು. ಅಟ್ಟದ ಪಾತ್ರೆ, ಫ್ಯಾನಿನ ರೆಕ್ಕೆ, ಕೊನೆಗೆ ತೊಟ್ಟಿ... ಮೀನುಗಳನ್ನು ಜೋಪಾನವಾಗಿ ಬಕೆಟ್ಟಿಗೆ ಬಿಟ್ಟರು. ಗಿಡ, ಮರಳು, ಮಣ್ಣು ಎಲ್ಲವನ್ನೂ ಪಾಚಿಯೆಂದು ಹಿತ್ತಲಿನ ನುಗ್ಗೆಮರದ ಬುಡಕ್ಕೆ ಸುರಿದರು. ಗಾಜನ್ನು ಸೋಪಿನ ಪುಡಿ ಹಾಕಿ ತಿಕ್ಕಿ ತೊಳೆದು, ಹೊಸ ನೀರು ತುಂಬಿ ಮೀನು ಬಿಟ್ಟರು.

ಮರುದಿನ ಅಕ್ಕ ಬಂದಾಗ ನಾನು ಅಲ್ಲೇ ಇದ್ದೆ. ಅತ್ತೆ ಬಾಗಿಲಿಗೇ ಬಂದರು. "ನೋಡವ್ವ, ಈಗ ಮೀನು ಹೆಂಗ್ ಕಾಣ್ತವೆ! ನಾತ ಎಲ್ಲ ಹೋತು." ಅವರ ಮುಖದಲ್ಲಿ ಹಬ್ಬವೇ ಇತ್ತು. ಅಕ್ಕ ಚೀಲ ಕೆಳಗಿಟ್ಟು, ನೀರಿಗೆ ಬೆರಳದ್ದಿ ಮೂಸಿದರು. ಆ ಸಲ ಬೆರಳು ನನ್ನ ಕಡೆ ಬರಲಿಲ್ಲ. "ಚೆನ್ನಾಗೈತೆ ಅತ್ತೆ" ಅಂದು ಹಿತ್ತಲಿಗೆ ನಡೆದರು.

ನುಗ್ಗೆಮರದ ಕೆಳಗೆ ಕೂತು ಮಣ್ಣು ಕೆದಕತೊಡಗಿದರು. ನಾನೂ ಕೂತೆ. ಎಲೆಗಳೆಲ್ಲ ಬಿಸಿಲಿಗೆ ಕಾಗದದಂತಾಗಿದ್ದವು. ಸ್ವಲ್ಪ ಹೊತ್ತಿಗೆ ಅತ್ತೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಏನು ಹುಡುಕ್ತೀಯೇ, ಬಂಗಾರ ಕಳ್ಕಂಡೋಳಂಗೆ?"

"ಬೇರು, ಅತ್ತೆ. ಬೇರು ಒಂದಿದ್ರೆ ಮತ್ತೆ ಚಿಗುರ್ತೈತೆ..." ಅನ್ನುತ್ತಲೇ ಅಕ್ಕ ಇನ್ನೊಂದು ಹೆಂಟೆ ಒಡೆದು ನೋಡಿದರು.

ಅತ್ತೆ ತಿರುಗಿ ಒಳಗೆ ಹೋದರು. ಕೋಪ ಬಂತೇನೋ ಅಂದುಕೊಂಡೆ. ಹೊರಗೆ ಬಂದಾಗ ಕೈಯಲ್ಲಿ ಅಕ್ಕಿ ಆರಿಸುವ ಮೊರವಿತ್ತು. "ಸರಿರಿ ಅತ್ಲಾಗೆ. ಅಕ್ಕಿಯಾಗಿನ ಕಲ್ಲು ಬಿಟ್ಟೋಳಲ್ಲ ನಾನು" ಅಂದು ಕೂತು, ಬೊಗಸೆ ಬೊಗಸೆ ಮಣ್ಣು ಮೊರಕ್ಕೆ ಹಾಕಿಕೊಂಡು ಬೆರಳಾಡಿಸತೊಡಗಿದರು. ಬಿಸಿಲು ಇಳಿಯುವಾಗ ಶುಂಠಿಯ ಚೂರಿನಂಥದ್ದೊಂದು ಸಿಕ್ಕಿತು. ಒಂದು ಕಡೆ ಇನ್ನೂ ಬಿಳಿ ಎಳೆಗಳಿದ್ದವು.

"ಇದೇನಾ ನೋಡವ್ವ?" ಅತ್ತೆಯ ದನಿ ಅಷ್ಟು ತಗ್ಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅಕ್ಕ ಅದನ್ನು ಸೆರಗಿನಲ್ಲಿ ಇಸಿದುಕೊಂಡರು. ಮಣ್ಣನ್ನು ಅದೇ ಮೊರದಲ್ಲಿ ಒಳಗೆ ಸಾಗಿಸಿ ತೊಟ್ಟಿಗೆ ಹಾಕಿದ್ದೂ ಅತ್ತೆಯೇ.

ಮಳೆಗಾಲ ಹಿಡಿಯುವ ಹೊತ್ತಿಗೆ ಒಂದು ಎಲೆ ಬಂತು. ಮೊದಲು ಕಂಡದ್ದು ಅತ್ತೆಗೆ. ಬೀದಿಗೆಲ್ಲ ಕೇಳುವಂತೆ ಕೂಗಿದರು.

ಮರುವರ್ಷ ಅಕ್ಕನ ಯಜಮಾನರಿಗೆ ಹೊಳಲ್ಕೆರೆ ಕಡೆಗೆ ವರ್ಗವಾಯಿತು. ಅಕ್ಕ ಗಿಡವನ್ನು ಹಾಲಿನ ಕ್ಯಾನಿನಲ್ಲಿಟ್ಟು, ತೊಡೆಯ ಮೇಲೆ ಹಿಡಿದುಕೊಂಡು ಟೆಂಪೋದಲ್ಲಿ ಕೂತಿದ್ದರು. "ರಜಾಕ್ಕೆ ಬಾರೇ" ಅಂದರು. ನಾನು ಹೂಂ ಅಂದೆ... ಆಮೇಲೆ ಓದು, ಹಾಸ್ಟೆಲು, ಕೆಲಸ.

ಹೋದ ವರ್ಷ ಅಮ್ಮ ಫೋನಿನಲ್ಲಿ ಬೇರೇನೋ ಮಾತಿನ ನಡುವೆ, "ಆ ನೀರಿನ ಗಿಡದ ಹುಡುಗಿ ತೀರ್ಕಂಡ್ಲಂತೆ ಕಣೇ, ಕಾಯಿಲೆ ಆಗಿ" ಅಂದರು. ಹೌದಾ ಅಂದೆ. ಆಮೇಲೆ ಯಾರ ಹತ್ತಿರವೂ ಆ ಮಾತು ಎತ್ತಲಿಲ್ಲ. ಈ ತೊಟ್ಟಿ ಕೊಂಡದ್ದು ಅದಾದ ಮೇಲೆ.

ಇದರಲ್ಲಿರುವುದು ಅವರ ಗಿಡವಲ್ಲ, ಅಂಗಡಿಯದು. ಮಣ್ಣೂ ನರ್ಸರಿಯದು, ಯಾವ ಊರಿನ ಹೊಲದ್ದೋ. ಆದರೂ ಭಾನುವಾರ ನೀರಿಗೆ ಬೆರಳದ್ದಿ ಮೂಸಿದೆ. ಅದೇ. ಕೈ ತಾನಾಗಿ, ಯಾರಿಗೋ ಮೂಸಲು ಕೊಡುವಂತೆ, ಪಕ್ಕಕ್ಕೆ ಚಾಚಿಕೊಂಡಿತು... ಒದ್ದೆ ಬೆರಳನ್ನು ದುಪಟ್ಟಾಗೆ ಒರೆಸಿಕೊಂಡು ಮುಚ್ಚಳ ಹಾಕಿದೆ.